ಶಿವದೇವಿ ಇದ್ದದ್ದನ್ನು ಇದ್ದಂತೆ ಹೇಳಿದ್ದು

ಜೀಡಿಮೆಟ್ಲಾದ ಒಂದು ಇಂಜೆಕ್ಷನ್ ಕಾರ್ಖಾನೆಯಲ್ಲಿ ಶಿವದೇವಿಗೆ ಇದ್ದ ಕೆಲಸ ನೋಡುವುದು. ಅಲ್ಲಿ ಏನು ಮಾಡುತ್ತೀ ಎಂದು ಯಾರಾದರೂ ಕೇಳಿದರೆ ಅವಳು ಹಾಗೆಯೇ ಹೇಳುತ್ತಿದ್ದಳು, ಕೇಳಿದವರು ನಗುತ್ತಿದ್ದರು. ಮನೆಯಲ್ಲಿ ಅತ್ತೆ ಗಂಗೂಬಾಯಿಯೂ ಬಿಡುತ್ತಿರಲಿಲ್ಲ.

"ನೋಡೂದಕ್ಕೂ ಪಗಾರ ಕೊಡ್ತಾರಂದ್ರ ನನ್ನೂ ಕರಕೊಂಡು ಹೋಗವಾ. ಎಂಬತ್ತು ವರ್ಷದಿಂದ ಪುಕಟ್ ನೋಡಾಕತ್ತೀನಿ."

ನೋಡುವುದೆಂದರೆ ಹೀಗೆ. ಔಷಧ ತುಂಬಿ ಬಾಯಿ ಬಿಗಿದ, ಹೆಬ್ಬೆರಳಿನಷ್ಟಿರುವ ಗಾಜಿನ ಸೀಸೆ ಕೈಗೆ ಬರುತ್ತದೆ. ಅದನ್ನು ಕತ್ತಿನ ಹತ್ತಿರ ಹಿಡಿದು, ಗುಳ್ಳೆ ಏಳದ ಹಾಗೆ ಮೆಲ್ಲಗೆ ತಲೆಕೆಳಗು ಮಾಡಿ, ಟ್ಯೂಬ್‌ಲೈಟಿನ ಕೆಳಗೆ ಕಪ್ಪು ಹಲಗೆಯ ಮುಂದೆ ಇಟ್ಟು ಐದು ಎಣಿಸಬೇಕು. ಬಿಳಿ ಎಳೆಯೋ ಗಾಜಿನ ಚೂರೋ ಇದ್ದರೆ ಅಲ್ಲಿ ಹೊಳೆಯುತ್ತದೆ. ಆಮೇಲೆ ಬಿಳಿ ಹಲಗೆಯ ಮುಂದೆ ಮತ್ತೆ ಐದು. ಕಪ್ಪು ಕಣ ಇದ್ದರೆ ಅಲ್ಲಿ ಕಾಣುತ್ತದೆ. ಕಂಡದ್ದು ಕೆಂಪು ಡಬ್ಬಿಗೆ, ಕಾಣದ್ದು ಹಸಿರು ಟ್ರೇಗೆ. ಒಂದು ಟ್ರೇಗೆ ನೂರು ಸೀಸೆ. ಅರ್ಧ ಗಂಟೆಗೊಮ್ಮೆ ಕೈ ಬಿಟ್ಟು ಐದು ನಿಮಿಷ ಕಣ್ಣು ಮುಚ್ಚಿ ಕೂರಬೇಕು. ದಿನದ ಕೊನೆಗೆ ಯಾರು ಎಷ್ಟು ಕೆಟ್ಟ ಸೀಸೆ ಹಿಡಿದರು ಎಂಬುದನ್ನು ಅವರವರ ಹೆಸರಿನ ಮುಂದೆ ಬರೆದು ರುಜು ಹಾಕಬೇಕು. ಉದ್ದನೆಯ ಒಂದೇ ಮೇಜು, ಹನ್ನೆರಡು ಹೆಂಗಸರು. ಎಲ್ಲರೂ ಗುತ್ತಿಗೆಯ ಮೇಲೆ ಇದ್ದವರು.

ಶಿವದೇವಿಯ ತವರು ಹುಮನಾಬಾದದ ಕಡೆ. ಕಲಿತದ್ದು ನಾಲ್ಕನೆಯ ಇಯತ್ತೆ, ಅದೂ ಕನ್ನಡದಲ್ಲಿ. ಗಂಡ ಶಿವಾನಂದ ಅದೇ ಜೀಡಿಮೆಟ್ಲಾದ ಇನ್ನೊಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಆಗ ಅವಳಿಗೆ ಮೂವತ್ತಮೂರು. ಮಕ್ಕಳಿರಲಿಲ್ಲ. ಅತ್ತೆ ಇದ್ದಳು, ಶಾಪೂರ್ ನಗರದಲ್ಲಿ ಒಂದು ಬಾಡಿಗೆಯ ಕೋಣೆ ಇತ್ತು. ಸೀಸೆ ತೊಳೆಯಲು ಸೇರಿಕೊಂಡಳು. ಎರಡು ತಿಂಗಳಾದ ಮೇಲೆ ಮೇಜಿನ ಮೇಸ್ತ್ರಿ ಅವಳನ್ನು ಕರೆದು ಮೂವತ್ತು ಸೀಸೆ ಮುಂದಿಟ್ಟು, ಕೆಟ್ಟವನ್ನು ತೆಗೆ ಎಂದ. ಅವಳು ಹನ್ನೆರಡು ತೆಗೆದಳು. ಹನ್ನೊಂದೇ ಇರೋದು, ಒಂದು ತಪ್ಪು ತೆಗೆದಿದ್ದೀ ಎಂದ. ಇನ್ನೊಮ್ಮೆ ನೋಡಿ ಸಾರು ಎಂದಳು. ಮೇಸ್ತ್ರಿ ಭೂತಗನ್ನಡಿ ತರಿಸಿ ನೋಡಿದ. ಹನ್ನೆರಡನೆಯದರಲ್ಲಿ ಕೂದಲಿಗಿಂತ ತೆಳ್ಳಗಿನ ಒಂದು ಎಳೆ ಇತ್ತು. ಮರುದಿನದಿಂದ ಅವಳು ಆ ಮೇಜಿನವಳಾದಳು. ಇಪ್ಪತ್ತು ವರ್ಷ ಅಲ್ಲಿ ಕೂತಳು.

ಮನೆಯಲ್ಲಿ ಅವಳದು ಕನ್ನಡ, ಕಾರ್ಖಾನೆಯಲ್ಲಿ ತೆಲುಗು, ಬಸ್ಸಿನಲ್ಲಿ ಹಿಂದಿ. ತೆಲುಗಿನಲ್ಲಿ ಜಗಳ ಆಡುವಷ್ಟು ಬರುತ್ತಿತ್ತು, ಮನಸ್ಸು ಬಿಚ್ಚುವಷ್ಟು ಬರುತ್ತಿರಲಿಲ್ಲ. ಎಡಗಡೆಗೆ ಯಾದಮ್ಮ ಕೂರುತ್ತಿದ್ದಳು, ಬಲಗಡೆಗೆ ಸಬೀಹಾ. ಯಾದಮ್ಮ ಮೆದಕಿನ ಕಡೆಯವಳು, ಸಬೀಹಾ ಮೆಹದಿಪಟ್ಟಣದಿಂದ ಎರಡು ಬಸ್ಸು ಬದಲಾಯಿಸಿ ಬರುವವಳು, ಹತ್ತನೆಯ ತರಗತಿ ಓದಿದವಳು. ಮೂವರ ಮಾತು ತೆಲುಗು ಹಿಂದಿ ಕಲಸಿದ್ದು. ಇಲ್ಲಿ ಅದನ್ನು ಕನ್ನಡದಲ್ಲೇ ಹೇಳುವುದು ಸಲೀಸು.

ಆ ಮೇಜಿಗೆ ಒಂದು ಪದ್ಧತಿ ಇತ್ತು. ಹತ್ತು ವರ್ಷದ ಹಿಂದೆ ಗಾಜಿನ ಚೂರಿದ್ದ ಒಂದು ಸೀಸೆ ಹೇಗೋ ದಾಟಿ ಹೊರಗೆ ಹೋಗಿ, ಆಸ್ಪತ್ರೆಯಿಂದ ವಾಪಸು ಬಂತು. ನಂಬರು ಹಿಡಿದು ನೋಡಿದಾಗ ಅದು ಪೋಚಮ್ಮ ಎಂಬವಳ ಟ್ರೇ. ಅವಳನ್ನು ಅವತ್ತೇ ಗೇಟಿನಾಚೆ ಕಳಿಸಿದರು. ಊಟದ ಡಬ್ಬಿ ತೆಗೆದುಕೊಳ್ಳಲು ಕೂಡ ಒಳಗೆ ಬಿಡಲಿಲ್ಲ, ಯಾದಮ್ಮ ಒಯ್ದು ಕೊಟ್ಟಳು. ಸಂಜೆ ಚಹಾ ಆದ ಮೇಲೆ ಕಣ್ಣು ಸೋಲುತ್ತವೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಪೋಚಮ್ಮನದೂ ಸಂಜೆಯ ಟ್ರೇಯೇ. ಆವತ್ತಿನಿಂದ ಹೆಂಗಸರು ತಮ್ಮ ತಮ್ಮಲ್ಲೇ ಮಾತಾಡಿಕೊಂಡು, ದಿನದ ಕೊನೆಯ ಟ್ರೇಯನ್ನು ಪಕ್ಕದವಳಿಗೆ ದಾಟಿಸಿ ಇನ್ನೊಮ್ಮೆ ನೋಡಿಸುವುದು ಶುರು ಮಾಡಿದರು. ಅದಕ್ಕೆ ರೆಂಡೋ ಚೂಪು ಎನ್ನುತ್ತಿದ್ದರು, ಎರಡನೆಯ ನೋಟ. ಪಕ್ಕದವಳಿಗೆ ಅದರಲ್ಲಿ ಕೆಟ್ಟದ್ದು ಸಿಕ್ಕರೆ ತನ್ನದೇ ಕೆಂಪು ಡಬ್ಬಿಗೆ ಹಾಕಿಕೊಂಡು ತನ್ನದೇ ಹೆಸರಿನ ಮುಂದೆ ಬರೆದುಕೊಳ್ಳುತ್ತಿದ್ದಳು. ಯಾರ ಕಣ್ಣು ತಪ್ಪಿತು ಎಂದು ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. ಗೊತ್ತಿದ್ದದ್ದು ಹನ್ನೆರಡು ಮಂದಿಗೆ. ಒಂಬತ್ತು ವರ್ಷದಲ್ಲಿ ಒಂದು ಸೀಸೆಯೂ ವಾಪಸು ಬರಲಿಲ್ಲ.

ಹೋದ ವರ್ಷ ಯುಗಾದಿಯಾದ ಮರುವಾರ ಕಾರ್ಖಾನೆಯ ನಾಲ್ಕು ನೂರು ಮಂದಿಯನ್ನೂ ಕ್ಯಾಂಟೀನಿಗೆ ಕರೆದರು. ಗುಣಮಟ್ಟ ವಿಭಾಗದ ದೊಡ್ಡವರು ಗೋಪಿನಾಥ ಸಾರು ಎದ್ದು ನಿಂತು, ಸೀಸೆ ನೋಡುವ ಯಂತ್ರ ಬರುತ್ತದೆ, ಗಂಟೆಗೆ ಹದಿನೆಂಟು ಸಾವಿರ ನೋಡುತ್ತದೆ ಎಂದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾರ ಕೆಲಸವೂ ಹೋಗೋದಿಲ್ಲ," ಎಂದರು ಗೋಪಿನಾಥ. "ಯಂತ್ರಕ್ಕೆ ಆರು ಜನ, ಪ್ಯಾಕಿಂಗಿಗೆ ಆರು ಜನ. ಹನ್ನೆರಡಕ್ಕೆ ಹನ್ನೆರಡೂ ಇರುತ್ತೀರಿ."

ಆಮೇಲೆ ಒಬ್ಬ ಹುಡುಗಿಯನ್ನು ತೋರಿಸಿ, ಈ ಮೇಡಂ ಹೆಸರು ಸಿಂಚನಾ, ಬದಲಾವಣೆ ಮಾಡಿಸುವುದೇ ಇವರ ಕೆಲಸ, ಅದಕ್ಕೆಂದೇ ಬೇರೆ ಕಂಪನಿಯಿಂದ ಬಂದಿದ್ದಾರೆ ಎಂದರು. ಆ ಹುಡುಗಿ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದಳು. ಅದರಲ್ಲಿ ಐದು ಖಾನೆ, ಒಂದರಿಂದ ಇನ್ನೊಂದಕ್ಕೆ ಬಾಣದ ಗುರುತು. ಕೆಳಗೆ ಮೂರು ಬಣ್ಣದ ಮುಖಗಳು, ಕೆಂಪು ಅಳುಮುಖ, ಹಳದಿ ಸಪ್ಪೆ ಮುಖ, ಹಸಿರು ನಗುಮುಖ. ಪ್ರತಿ ಸೋಮವಾರ ನಿಮ್ಮ ಮನಸ್ಸು ಹೇಗಿದೆಯೋ ಆ ಮುಖದ ಚೀಟಿ ಇಲ್ಲಿ ಅಂಟಿಸಬೇಕು ಎಂದು ಹಿಂದಿಯಲ್ಲಿ ಹೇಳಿದಳು.

ಶಿವದೇವಿ ತನ್ನಷ್ಟಕ್ಕೆ ಗೊಣಗಿದಳು. "ಗ್ವಾಡಿಗೆ ನಗೂ ಮಾರಿ ಹಚ್ಚಿದ್ರ ನಮ್ಮ ಮಾರಿ ನಗತಾವೇನು?"

ಸಿಂಚನಾ ಮಾತು ನಿಲ್ಲಿಸಿ ಅವಳ ಕಡೆ ತಿರುಗಿದಳು. "ಅಯ್ಯೋ, ಕನ್ನಡದವರಾ ನೀವು?"

ಸಿಂಚನಾ ಮೈಸೂರಿನವಳು. ಅಮೀರ್‌ಪೇಟೆಯ ಹಾಸ್ಟೆಲಿನಲ್ಲಿದ್ದು ಒಂದೂವರೆ ವರ್ಷವಾಗಿತ್ತು. ಅವತ್ತು ಮಧ್ಯಾಹ್ನ ಅವಳೇ ಹುಡುಕಿಕೊಂಡು ಬಂದು ಶಿವದೇವಿಯ ಪಕ್ಕ ಕೂತು ಊಟ ಮಾಡಿದಳು, ಅವಳ ಡಬ್ಬಿಯ ಶೇಂಗಾ ಹಿಂಡಿಯನ್ನು ಖಾರ ಖಾರ ಎನ್ನುತ್ತ ಮೂರು ಸಲ ಹಾಕಿಸಿಕೊಂಡಳು. ಮರುವಾರ ಶಿವದೇವಿಯ ಎದೆಗೆ ಒಂದು ಬಿಲ್ಲೆ ಸಿಕ್ಕಿಸಿದಳು. ಅದರ ಮೇಲೆ ಚೇಂಜ್ ಮಿತ್ರ ಎಂದು ಬರೆದಿತ್ತು.

"ನಂಗ್ಯಾಕ ಯವ್ವಾ ಇದು?"

"ನಿಮ್ಮ ಮಾತನ್ನ ಅವರೆಲ್ಲ ಕೇಳ್ತಾರೆ ಆಂಟಿ, ಅದಕ್ಕೆ. ಜನ ಯಂತ್ರಕ್ಕೆ ಹೆದರಲ್ಲ. ಹೇಳದೆ ಕೇಳದೆ ತಂದು ನಿಲ್ಲಿಸಿದರೆ ಹೆದರ್ತಾರೆ. ಅದಕ್ಕೇ ಒಂದೊಂದೇ ಮೆಟ್ಟಿಲು."

ಮೆಟ್ಟಿಲು ಯಾವ್ಯಾವುವು ಎಂದು ಶಿವದೇವಿ ಕೇಳಿ ತಿಳಿದುಕೊಂಡಳು. ಮೊದಲನೆಯ ಖಾನೆ, ಯಾಕೆ ಬದಲಾಗಬೇಕು. ಎರಡನೆಯದು, ಯಾರಿಗೆ ಏನು ಭಯ. ಮೂರನೆಯದು, ಈಗ ಕೆಲಸ ಹೇಗೆ ನಡೆಯುತ್ತದೆ. ನಾಲ್ಕನೆಯದು, ಮುಂದೆ ಹೇಗೆ ನಡೆಯಬೇಕು. ಐದನೆಯದು, ಹೊಸದು ಗಟ್ಟಿಯಾಗಿ ನಿಂತಿತೋ ಇಲ್ಲವೋ ನೋಡುವುದು. ಅವಳಿಗೆ ಇದು ಹಿಡಿಸಿತು. ಒಂದು ಕೆಲಸವನ್ನು ಕ್ರಮ ತಪ್ಪದೆ ಮಾಡುವವರ ಮೇಲೆ ಅವಳಿಗೆ ಮೊದಲಿನಿಂದಲೂ ಗೌರವ.

ಮೇಜಿನವರಿಗೆ ಒಪ್ಪಿಸುವುದು ಸುಲಭವಾಗಲಿಲ್ಲ. ಮೊದಲ ಸೋಮವಾರ ಹಾಳೆಯ ಮೇಲೆ ಹನ್ನೊಂದು ಕೆಂಪು ಮುಖ ಬಿದ್ದವು.

"ಬಿಲ್ಲೆಯಮ್ಮಾ," ಎಂದು ಕರೆದಳು ಸಬೀಹಾ, "ಹನ್ನೆರಡು ಜನರೂ ಇರ್ತೀವಿ ಅನ್ನೋದನ್ನ ನಿನ್ನ ಸಾರು ಕಾಗದದ ಮೇಲೆ ಬರೆದು ಕೊಡ್ತಾರೇನು?"

"ನಾಲ್ಕು ನೂರು ಮಂದಿ ಮುಂದ ಹೇಳ್ಯಾರ. ಅದಕ್ಕಿಂತ ದೊಡ್ಡ ಕಾಗದ ಬೇಕೇನು?"

"ಸಾಬಿಯ ಮಗಳು ನಾನು, ನಿಕಾಹನಾಮೆಯ ಕಾಗದ ಇಲ್ಲದೆ ಗಂಡನನ್ನೂ ನಂಬೋದಿಲ್ಲ."

ಎಲ್ಲರೂ ನಕ್ಕರು. ಯಾದಮ್ಮ ನಗಲಿಲ್ಲ. ಅವಳ ಮಗನ ಒಂದು ಕಾಲು ಪ್ರೆಸ್ ಯಂತ್ರಕ್ಕೆ ಸಿಕ್ಕಿ ತುಂಡಾಗಿತ್ತು, ಮನೆ ನಡೆಯುತ್ತಿದ್ದದ್ದು ಅವಳೊಬ್ಬಳಿಂದ. ಅವಳು ಶಿವದೇವಿಯ ಮೊಣಕೈ ಹಿಡಿದು, "ಅಕ್ಕಾ, ನಿಜ ಹೇಳು, ನೀನು ನಂಬಿದ್ದೀಯಾ?" ಎಂದು ಕೇಳಿದಳು.

"ನಂಬೀನಿ. ನನ್ನ ಮಾತಿನ ಮ್ಯಾಲ ನೀವು ನಂಬ್ರಿ."

ಈ ಒಂದು ಮಾತನ್ನು ಅವಳು ಹನ್ನೊಂದು ಮಂದಿಗೂ ಬೇರೆ ಬೇರೆಯಾಗಿ ಹೇಳಿದಳು. ಎರಡನೆಯ ಸೋಮವಾರ ಐದು ಹಳದಿ ಬಂದವು. ಐದನೆಯ ಸೋಮವಾರದ ಹೊತ್ತಿಗೆ ಸಬೀಹಾಳದೊಂದು ಬಿಟ್ಟು ಉಳಿದದ್ದೆಲ್ಲ ಹಸಿರು. ಗೋಪಿನಾಥ ಸಾರು ಅದರ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು.

ಆಮೇಲೆ ಮೂರನೆಯ ಖಾನೆ, ಈಗ ಹೇಗೆ. ಅದಕ್ಕೆ ಸಿಂಚನಾ ಮೂರು ಮಧ್ಯಾಹ್ನ ಶಿವದೇವಿಯನ್ನು ಖಾಲಿ ಕ್ಯಾಂಟೀನಿನಲ್ಲಿ ಕೂರಿಸಿಕೊಂಡಳು. ಮುಂದೆ ಲ್ಯಾಪ್‌ಟಾಪು.

"ನಿಯಮದ ಪುಸ್ತಕದಲ್ಲಿರೋದು ನನ್ನ ಹತ್ರ ಇದೆ ಆಂಟಿ, ಅದು ಬೇಡ. ನಿಮ್ಮ ಕೈ ಏನು ಮಾಡುತ್ತೋ ಅದು ಹೇಳಿ. ಇದ್ದದ್ದು ಇದ್ದ ಹಾಗೆ. ನೀವು ಹೇಳದೇ ಬಿಟ್ಟಿದ್ದು ಯಂತ್ರಕ್ಕೆ ಗೊತ್ತಾಗೋದೇ ಇಲ್ಲ."

ಶಿವದೇವಿ ಹೇಳಿದಳು. ಕಾರ್ಖಾನೆಯ ಗೋಡೆಗಳ ಒಳಗೆ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ತನ್ನ ಕೆಲಸವನ್ನು ತನ್ನ ಮಾತಿನಲ್ಲಿ ಹೇಳಿದಳು. ಸೀಸೆಯನ್ನು ಯಾವ ಬೆರಳಲ್ಲಿ ಹಿಡಿದರೆ ನೆರಳು ಬೀಳುವುದಿಲ್ಲ, ಎಳೆಗೂ ಗುಳ್ಳೆಗೂ ವ್ಯತ್ಯಾಸ ಹೇಗೆ, ಗುಳ್ಳೆ ಮೇಲೇರುತ್ತದೆ, ಎಳೆ ತಿರುಗುತ್ತ ಇಳಿಯುತ್ತದೆ, ಗಾಜು ನೇರ ಬೀಳುತ್ತದೆ, ಮಳೆಗಾಲದಲ್ಲಿ ಸೀಸೆಯ ಹೊರಗೆ ಬೆವರು ಕೂತಾಗ ಏನು ಮಾಡಬೇಕು, ಎಲ್ಲ ಹೇಳಿದಳು. ಸಿಂಚನಾಳ ಬೆರಳು ಟಕಟಕ ಓಡುತ್ತಿತ್ತು. ಹಾಂ ಆಂಟಿ, ಆಮೇಲೆ, ಆಮೇಲೆ ಎನ್ನುತ್ತಿದ್ದಳು. ಹಾಗೆ ಆಮೇಲೆ ಎಂದು ಕೇಳುವವರು ಶಿವದೇವಿಗೆ ಗಂಡ ಹೋದಮೇಲೆ ಸಿಕ್ಕಿರಲಿಲ್ಲ.

ಮೂರನೆಯ ಮಧ್ಯಾಹ್ನ ಮಾತು ಸಂಜೆಯ ಟ್ರೇಗೆ ಬಂತು. ಶಿವದೇವಿ ಒಂದು ಗಳಿಗೆ ಸುಮ್ಮನಾದಳು. ಬಿಟ್ಟುಬಿಡಬಹುದಿತ್ತು. ಆದರೆ ಯಂತ್ರಕ್ಕೂ ದಿನದ ಕೊನೆಗೆ ಕಣ್ಣು ಸೋತರೆ ಎರಡನೆಯ ಸಲ ನೋಡುವವರು ಬೇಕಲ್ಲ ಎಂಬ ಯೋಚನೆ ಬಂತು. ಇದ್ದದ್ದನ್ನು ಇದ್ದಂತೆ ಹೇಳು ಎಂದಮೇಲೆ ಒಂದನ್ನು ನುಂಗಿಕೊಂಡು ಉಳಿದದ್ದು ಹೇಳಿದರೆ ಅದು ಸುಳ್ಳೇ ಆಯಿತು ಎಂದೂ ಅನ್ನಿಸಿತು. ಇದೂ ಅಲ್ಲದೆ, ಆ ಪದ್ಧತಿಯ ಬಗ್ಗೆ ಅವಳಿಗೆ ಹೆಮ್ಮೆ ಇತ್ತು. ಒಂಬತ್ತು ವರ್ಷ ಅದನ್ನು ಯಾರ ಮುಂದೂ ಹೇಳಿಕೊಳ್ಳಲು ಆಗಿರಲಿಲ್ಲ.

ಹೇಳಿದಳು.

"ಎಷ್ಟು ಚೆನ್ನಾಗಿದೆ ಆಂಟಿ!" ಎಂದಳು ಸಿಂಚನಾ. "ಇದನ್ನ ಎಲ್ಲಿ ಬರೆದಿಡ್ತೀರಿ?"

"ಎಲ್ಲೂ ಬರಿಯಂಗಿಲ್ಲ."

"ಮತ್ತೆ ಪಕ್ಕದವರಿಗೆ ಸಿಕ್ಕ ಸೀಸೆ ಯಾರ ಲೆಕ್ಕಕ್ಕೆ?"

"ಹಿಡದಾಕಿ ಲೆಕ್ಕಕ್ಕ. ಆಕಿ ಹೆಸರಿನ ಮುಂದ."

ಸಿಂಚನಾ ಅದನ್ನೂ ಬರೆದುಕೊಂಡಳು. ಇಬ್ಬರಿಗೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಸಂಜೆ ಮನೆಗೆ ಬಂದು ರೊಟ್ಟಿ ಬಡಿಯುತ್ತ ಅತ್ತೆಗೆ ಅಂದಿನ ಸುದ್ದಿ ಹೇಳಿದಳು. ಗಂಗೂಬಾಯಿ ಗೋಡೆಗೆ ಒರಗಿ ಕೂತು ಕೇಳಿದಳು.

"ಎಲ್ಲಾ ಹೇಳಿದಿ?"

"ಎಲ್ಲಾ ಹೇಳಿದೆ ಅತ್ತಿ."

"ಹಂಗಾರ ಇನ್ನ ನಿನ್ನ ಕಡೆ ಏನು ಉಳೀತು, ಅವರು ನಿನ್ನ ಇಟಗೊಳ್ಳಾಕ?"

"ನೀ ಸುಮ್ಕಿರು. ಆ ಹುಡುಗಿ ನಮ್ಮ ಕನ್ನಡದಾಕಿ."

"ನಿನ್ನ ಮಾವನ ಹೊಲ ಹಿಡಕೊಂಡವರೂ ಕನ್ನಡದವರಽ ಇದ್ರವಾ," ಎಂದು ಗಂಗೂಬಾಯಿ ತಟ್ಟೆ ಎಳೆದುಕೊಂಡಳು.

ಹತ್ತು ದಿನಕ್ಕೆ ಮೇಜಿನ ಹೊರಗಿನ ಓಣಿಯ ಗೋಡೆಗೆ ಚಾಪೆಯಷ್ಟು ದೊಡ್ಡ ಹಾಳೆ ಬಂತು. ನಲವತ್ತೊಂದು ಖಾನೆ, ಎಲ್ಲ ಇಂಗ್ಲಿಷಿನಲ್ಲಿ. ಶಿವದೇವಿ ಹೇಳಿದ್ದೆಲ್ಲ ಅದರಲ್ಲಿತ್ತು. ಹೆಂಗಸರು ಅದರ ಸುತ್ತ ಗುಂಪಾದರು, ಸಬೀಹಾ ಬೆರಳಿಟ್ಟು ಓದುತ್ತ ಅರ್ಥ ಹೇಳುತ್ತ ಬಂದಳು. ಇಪ್ಪತ್ತೊಂಬತ್ತನೆಯ ಖಾನೆಗೆ ಬಂದಾಗ ಅವಳ ಬೆರಳು ನಿಂತಿತು. ಅವಳು ಹಿಂದೆ ತಿರುಗಿ ನೋಡಿದಳು.

"ಯಾ ಅಲ್ಲಾಹ್. ರೆಂಡೋ ಚೂಪು ಇದೆ ಇಲ್ಲಿ."

ಅವಳು ಖಾನೆಯನ್ನು ಪೂರ್ತಿ ಓದಿದಳು. ಎಲ್ಲಿಯೂ ದಾಖಲಾಗುವುದಿಲ್ಲ, ಸಿಕ್ಕದ್ದನ್ನು ಎರಡನೆಯವರು ತಮ್ಮ ಹೆಸರಿಗೆ ಬರೆದುಕೊಳ್ಳುತ್ತಾರೆ. ಯಾದಮ್ಮ ಶಿವದೇವಿಯ ಮುಖ ನೋಡಲಿಲ್ಲ. ಹಾಳೆಯನ್ನೇ ನೋಡುತ್ತ, "ಇದನ್ನ ಹೇಳಿದ್ದು ಯಾರು?" ಎಂದು ಕೇಳಿದಳು, ಗೊತ್ತಿದ್ದೂ.

ಮಧ್ಯಾಹ್ನದ ಊಟದೊಳಗೆ ಹಾಳೆ ಗೋಡೆಯ ಮೇಲಿರಲಿಲ್ಲ. ಗೋಪಿನಾಥ ಸಾರು ಒಬ್ಬೊಬ್ಬರನ್ನೇ ಕೋಣೆಗೆ ಕರೆದರು. ಶಿವದೇವಿಯನ್ನು ಕೊನೆಗೆ ಕರೆದು ಕೂರಿಸಿದರು. ಅವರು ಕಿರುಚುವ ಮನುಷ್ಯರಲ್ಲ.

"ಒಂಬತ್ತು ವರ್ಷ, ಶಿವದೇವಮ್ಮಾ. ದಿನಕ್ಕೆ ಹನ್ನೆರಡು ರುಜು. ಅಷ್ಟೂ ಸುಳ್ಳು."

"ಸುಳ್ಳಲ್ಲ ಸಾರು. ಒಂದು ಕೆಟ್ಟ ಸೀಸೆಯೂ ಹೊರಗೆ ಹೋಗಿಲ್ಲ. ನೀವೇ ನೋಡಿ, ವಾಪಸು ಬಂದಿದೆಯಾ?" ಅವಳು ತನಗೆ ಬರುವ ತೆಲುಗಿನಲ್ಲಿ ಹೇಳಿದಳು.

"ಅದನ್ನ ನಾನು ಕೇಳುತ್ತಿಲ್ಲ. ಯಾದಮ್ಮ ಏಳು ಹಿಡಿದಳು ಎಂದು ಬರೆದಿದೆ. ಅವಳು ನೋಡಬೇಕಾದ ಸೀಸೆಗಳಲ್ಲಿ ಹಿಡಿದದ್ದು ಏಳೇ?"

ಯಾದಮ್ಮನದೇ ಟ್ರೇಗಳಲ್ಲಿ ಸಿಕ್ಕದ್ದು ಐದೂ ಆಗಿರಬಹುದು, ಆರೂ ಆಗಿರಬಹುದು.

"ಇನ್ನೆರಡು ತಿಂಗಳಿಗೆ ಹೊರದೇಶದವರು ತಪಾಸಣೆಗೆ ಬರುತ್ತಾರೆ. ಈ ಹಾಳೆ ಈಗ ಐದು ಕಂಪ್ಯೂಟರಿನಲ್ಲಿದೆ, ಅಳಿಸಿದರೆ ಅದು ಇನ್ನೂ ದೊಡ್ಡ ತಪ್ಪು. ಏನು ಕ್ರಮ ತೆಗೆದುಕೊಂಡಿರಿ ಎಂದು ಅವರು ಕೇಳಿದರೆ ನಾನು ಏನು ತೋರಿಸಲಿ? ಏನೂ ಮಾಡಲಿಲ್ಲ ಎಂದರೆ ಇಡೀ ಕಾರ್ಖಾನೆಗೆ ಬೀಗ. ನಾಲ್ಕು ನೂರು ಮನೆ."

"ಹಾಗಾದರೆ ನನ್ನನ್ನ ತೆಗೆಯಿರಿ. ಹೇಳಿದವಳು ನಾನು. ಅವರನ್ನ ಬಿಡಿ."

ಗೋಪಿನಾಥ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ತಾನಾಗಿ ಮುಂದೆ ಬಂದು ಹೇಳಿದವರ ಮೇಲೆ ಕ್ರಮ ಇಲ್ಲ ಎಂದು ನಿಯಮ. ಹೇಳದೆ ಇದ್ದವರ ಮೇಲೆ ಉಂಟು. ನಿನ್ನನ್ನು ತೆಗೆದರೆ ಹೇಳಿದ್ದಕ್ಕೇ ತೆಗೆದರು ಎಂದಾಗುತ್ತದೆ. ನೀನು ಇರಬೇಕು."

ಹೀಗೆ ಅವಳ ಹೆಸರು ಒಂದು ಪಟ್ಟಿಯಲ್ಲಿ, ಉಳಿದ ಹನ್ನೊಂದು ಹೆಸರು ಇನ್ನೊಂದರಲ್ಲಿ ಬಂದವು.

ಸಿಂಚನಾ ಎರಡು ಸಲ ಗೋಪಿನಾಥರ ಕೋಣೆಗೆ ಹೋಗಿ ಬಂದಳು. ತನ್ನ ಕಂಪನಿಯ ದೊಡ್ಡವರಿಗೂ ಫೋನು ಮಾಡಿದಳು. ಎರಡನೆಯ ಸಲ ಹೊರಗೆ ಬಂದಾಗ ಅವಳ ಮೂಗು ಕೆಂಪಾಗಿತ್ತು.

"ಅದು ಕ್ವಾಲಿಟಿಯವರ ವಿಷಯ, ಚೇಂಜ್ ಕೆಲಸದ ಒಳಗೆ ಬರಲ್ಲ ಅಂತಾರೆ ಆಂಟಿ. ನಾನು ಬರೀಬಾರದಿತ್ತು."

"ನಾ ಹೇಳಿದ್ದಽ ನೀ ಬರದಿ."

"ನಾನೇ ಕೇಳಿದ್ದು ಅಲ್ವಾ, ಬಿಡದೆ ಹೇಳಿ ಅಂತ."

"ಕೇಳಿದಿ. ಹೇಳೂದು ಬಿಡೂದು ನನ್ನ ಕೈಯಾಗಿತ್ತು." ಶಿವದೇವಿ ಅವಳನ್ನು ಸಮಾಧಾನ ಮಾಡಲಿಲ್ಲ, ಬಯ್ಯಲೂ ಇಲ್ಲ.

ಶನಿವಾರ ಮೂರು ಗಂಟೆಗೆ ಹನ್ನೊಂದು ಮಂದಿ ಗೇಟಿನಿಂದ ಹೊರಟರು. ಗುತ್ತಿಗೆ ಮುಗಿಯಿತು ಎಂದು ಕಾಗದದಲ್ಲಿ ಬರೆದಿತ್ತು, ಬೇರೆ ಕಾರಣ ಹಾಕಿರಲಿಲ್ಲ. ಆದರೆ ಯಾಕೆ ಬಿಟ್ಟರು ಎಂಬ ಸುದ್ದಿ ಅಷ್ಟರಲ್ಲಾಗಲೇ ಜೀಡಿಮೆಟ್ಲಾದ ಇನ್ನೆರಡು ಇಂಜೆಕ್ಷನ್ ಕಾರ್ಖಾನೆಗಳಿಗೆ ಮುಟ್ಟಿತ್ತು. ಸುಳ್ಳು ಬರೆದವರನ್ನು ಆ ಕೆಲಸಕ್ಕೆ ಯಾರೂ ತೆಗೆದುಕೊಳ್ಳುವುದಿಲ್ಲ. ಶಿವದೇವಿ ಗೇಟಿನ ಒಳಗಡೆ ನಿಂತಿದ್ದಳು. ಒಬ್ಬೊಬ್ಬರೇ ಅವಳನ್ನು ದಾಟಿ ಹೋದರು. ಒಬ್ಬಳು ಉಗುಳಿದಳು, ನೆಲಕ್ಕೆ. ಸಬೀಹಾ ನಿಂತು ಅವಳ ಎದೆಯ ಮೇಲಿನ ಬಿಲ್ಲೆಯನ್ನು ಸೆರಗಿನ ತುದಿಯಿಂದ ಒರೆಸಿದಳು.

"ಧೂಳು ಕೂತಿತ್ತು, ಮೇಡಂ," ಎಂದು ಹೋದಳು.

ಯಾದಮ್ಮ ಕೊನೆಗೆ ಬಂದಳು. ಶಿವದೇವಿ ಅವಳ ಕೈ ಹಿಡಿಯಹೋದಳು. ಯಾದಮ್ಮ ಕೈ ಕೊಟ್ಟಳು, ಆದರೆ ಆ ಕೈ ಹಿಡಿದುಕೊಳ್ಳಲಿಲ್ಲ.

"ಬಯ್ಯವಾ. ಏನರ ಅನ್ನು," ಎಂದಳು ಶಿವದೇವಿ. ಗಾಬರಿಯಲ್ಲಿ ಕನ್ನಡವೇ ಬಂದಿತ್ತು.

ಯಾದಮ್ಮನಿಗೆ ಅರ್ಥವಾಯಿತು. "ನೀನು ಕೆಟ್ಟದ್ದು ಮಾಡಬೇಕು ಅಂತ ಮಾಡಲಿಲ್ಲ ಅಕ್ಕಾ, ನನಗೆ ಗೊತ್ತು. ಆದರೆ ಅದು ಹನ್ನೆರಡು ಜನರದಾಗಿತ್ತು. ಹೇಳೋ ಮುಂಚೆ ನಮ್ಮನ್ನೊಂದು ಮಾತು ಕೇಳಬೇಕು ಅಂತ ನಿನಗೆ ಅನ್ನಿಸಲೇ ಇಲ್ಲವಾ?"

ಅನ್ನಿಸಿರಲಿಲ್ಲ. ಶಿವದೇವಿ ಆಮೇಲೆ ಎಷ್ಟೋ ಸಲ ಆ ಮಧ್ಯಾಹ್ನವನ್ನು ನೆನೆಸಿಕೊಂಡು ಹುಡುಕಿದಳು. ಖಾಲಿ ಕ್ಯಾಂಟೀನು ನೆನಪಿತ್ತು, ಲ್ಯಾಪ್‌ಟಾಪಿನ ಸದ್ದು ನೆನಪಿತ್ತು, ತಾನು ಸುಮ್ಮನಾದ ಆ ಒಂದು ಗಳಿಗೆಯೂ ನೆನಪಿತ್ತು. ಆ ಗಳಿಗೆಯಲ್ಲಿ ಯಂತ್ರ ನೆನಪಾಗಿತ್ತು, ಸತ್ಯ ನೆನಪಾಗಿತ್ತು. ಹನ್ನೊಂದು ಮಂದಿಯ ಪೈಕಿ ಒಬ್ಬಳೂ ನೆನಪಾಗಿರಲಿಲ್ಲ.

ಯಂತ್ರ ಬಂತು. ಮೇಜನ್ನು ಮೂರು ತುಂಡು ಮಾಡಿ ಹೊರಗೆ ಸಾಗಿಸಿದರು. ಯಂತ್ರಕ್ಕೆ ಆರು ಜನ ಎಂದಿದ್ದರಲ್ಲ, ಮೂರು ಜನ ಸಾಕಾಯಿತು. ಇಬ್ಬರು ಡಿಪ್ಲೊಮಾ ಓದಿದ ಹುಡುಗಿಯರು, ಮೂರನೆಯವಳು ಶಿವದೇವಿ. ಅವಳ ಕೆಲಸ ಯಂತ್ರದಲ್ಲಿ ಏನಾದರೂ ತೊಡಕಾದರೆ ಉರಿಯುವ ಒಂದು ದೀಪವನ್ನು ನೋಡುತ್ತ ಕೂರುವುದು, ಅದು ಉರಿದರೆ ಆ ಹುಡುಗಿಯರನ್ನು ಕರೆಯುವುದು. ಅವಳು ಬಿಡಬಹುದಾಗಿತ್ತು. ಬಿಡುತ್ತೇನೆ ಎಂದು ಒಂದು ದಿನ ಅತ್ತೆಯ ಮುಂದೆ ಹೇಳಿಯೂ ಹೇಳಿದಳು.

"ನೀ ಬಿಟ್ರ ಅವರನ್ನ ಒಳಗ ಕರೀತಾರೇನು?" ಎಂದು ಕೇಳಿದಳು ಗಂಗೂಬಾಯಿ.

"ಇಲ್ಲ."

"ಮತ್ತ ಯಾರ ಸಲುವಾಗಿ ಬಿಡ್ತಿ?"

ಮುದುಕಿಗೆ ಬೆಳಿಗ್ಗೆ ಒಂದು ಗುಳಿಗೆ, ಸಂಜೆ ಎರಡು. ಶಿವದೇವಿ ಬಿಡಲಿಲ್ಲ. ಬಸ್ಸಿನಲ್ಲಿ ಒಂದೆರಡು ಸಲ ಸಬೀಹಾ ಕಂಡಳು. ಅಮೀರ್‌ಪೇಟೆಯ ಯಾವುದೋ ಹಾಸ್ಟೆಲಿನಲ್ಲಿ ಪಾತ್ರೆ ತಿಕ್ಕಲು ಹೋಗುತ್ತಿದ್ದಾಳೆಂದು ಬೇರೆಯವರಿಂದ ಗೊತ್ತಾಗಿತ್ತು. ಅವಳ ಪಕ್ಕದ ಸೀಟು ಖಾಲಿಯಿದ್ದರೂ ಶಿವದೇವಿ ಕಂಬ ಹಿಡಿದು ನಿಂತೇ ಬಂದಳು. ಯಾದಮ್ಮ ಮಗ ಸೊಸೆಯರ ಜೊತೆ ಊರಿಗೆ ಹೋದಳಂತೆ. ಅಲ್ಲಿ ಏನು ಮಾಡುತ್ತಾಳೆ ಎಂದು ಹೇಳುವವರು ಯಾರೂ ಸಿಗಲಿಲ್ಲ.

ದೀಪಾವಳಿಯ ಹಿಂದಿನ ವಾರ ಸಿಂಚನಾ ಐದನೆಯ ಖಾನೆ ಮುಗಿಸಲು ಬಂದಳು. ಹಳೆಯ ಮೇಜಿನವರನ್ನು ಹತ್ತು ಪ್ರಶ್ನೆ ಕೇಳಿ, ಒಂದರಿಂದ ಐದರವರೆಗೆ ಅಂಕ ಬರೆದುಕೊಂಡು ಹೋಗಬೇಕಾಗಿತ್ತು. ಹಳೆಯ ಮೇಜಿನವರಲ್ಲಿ ಉಳಿದಿದ್ದವಳು ಒಬ್ಬಳು. ಇಬ್ಬರೂ ಕ್ಯಾಂಟೀನಿನಲ್ಲಿ ಕೂತರು. ಸಿಂಚನಾ ಲ್ಯಾಪ್‌ಟಾಪಿನ ಮುಂದೆ ತಲೆ ತಗ್ಗಿಸಿಕೊಂಡು ಓದಿದಳು.

"ಬದಲಾವಣೆಯ ಬಗ್ಗೆ ನಿಮಗೆ ಮುಂಚಿತವಾಗಿ ತಿಳಿಸಿದ್ರಾ?"

ಶಿವದೇವಿ ಯೋಚಿಸಿದಳು. ಯುಗಾದಿಯ ಮರುವಾರವೇ ತಿಳಿಸಿದ್ದರು. "ತಿಳಿಸ್ಯಾರ. ಐದು."

"ಹೊಸ ಕೆಲಸಕ್ಕೆ ತರಬೇತಿ ಕೊಟ್ರಾ?"

ದೀಪ ನೋಡುವುದಕ್ಕೆ ನಾಲ್ಕು ದಿನ ಕಲಿಸಿದ್ದರು. "ಐದು."

"ಕೆಲಸ ಮುಂಚೆಗಿಂತ ಸುಲಭ ಆಗಿದೆಯಾ?"

"ಭಾಳ ಹಗುರ ಆಗೇತಿ. ಐದು."

"ನಿಮ್ಮ ಮಾತನ್ನ..." ಸಿಂಚನಾ ನೀರು ಕುಡಿದು ಮತ್ತೆ ಓದಿದಳು. "ನಿಮ್ಮ ಮಾತನ್ನ ಗಮನ ಕೊಟ್ಟು ಕೇಳಿದ್ರಾ?"

"ಒಂದು ಮಾತೂ ಬಿಡದಂಗ ಕೇಳ್ಯಾರ. ಐದು."

"ಆಂಟಿ, ಕಡಿಮೆ ಹಾಕಬಹುದು. ಒಂದು ಹಾಕಿ ಬೇಕಾದ್ರೆ. ನಾನು ಬೇಡ ಅನ್ನಲ್ಲ."

"ಒಂದು ಹಾಕಿದ್ರ ಏನಾಗತೈತಿ?"

ಸಿಂಚನಾ ಸುಳ್ಳು ಹೇಳಲಿಲ್ಲ. "ಇನ್ನೆರಡು ಮೀಟಿಂಗ್ ಇಡ್ತಾರೆ, ನಿಮ್ಮ ಜೊತೆ. ಅಷ್ಟೇ."

"ಆ ಹನ್ನೊಂದು ಮಂದಿ?"

"ಅವರು ಈ ಪಟ್ಟಿಯಲ್ಲೇ ಇಲ್ಲ."

"ಹಂಗಾರ ಕೇಳಿದ್ದಕ್ಕ ಖರೇ ಏನೈತೋ ಅದನ್ನಽ ಬರಿ."

ಒಂಬತ್ತು ಪ್ರಶ್ನೆಗೂ ಐದೇ ಬಂತು. ಹತ್ತನೆಯದಕ್ಕೆ ಅಂಕ ಇರಲಿಲ್ಲ, ಬೇರೆ ಏನಾದರೂ ಹೇಳುವುದಿದೆಯೇ ಎಂದು ಕೇಳಿ ಒಂದು ಖಾಲಿ ಖಾನೆ ಬಿಟ್ಟಿದ್ದರು. ಶಿವದೇವಿ ಎರಡೂ ಕೈಯನ್ನು ಮೇಜಿನ ಮೇಲಿಟ್ಟುಕೊಂಡಳು.

"ಹೆಸರು ಹೇಳ್ತೀನಿ, ಬರಕೋ."

ಮೇಜಿನ ಎಡತುದಿಯಿಂದ ಶುರು ಮಾಡಿ, ಕೂರುತ್ತಿದ್ದ ಕ್ರಮದಲ್ಲೇ ಹೇಳುತ್ತ ಬಂದಳು. ಹೆಸರು, ಗಂಡನ ಹೆಸರು, ಊರು, ಎಷ್ಟು ವರ್ಷ ಕೆಲಸ ಮಾಡಿದಳು ಎಂಬುದು. ಸಿಂಚನಾ ಬರೆದುಕೊಂಡಳು. ಐದನೆಯ ಹೆಸರಿನ ನಡುವೆ ಅವಳ ಬೆರಳು ನಿಂತವು. ಇನ್ನೊಮ್ಮೆ ಒತ್ತಿದಳು.

"ಏನಾತು?"

"ಈ ಖಾನೆಗೆ ಇಷ್ಟೇ ಅಕ್ಷರ ಹಿಡಿಸೋದು ಆಂಟಿ. ಮುಂದೆ ತಗೊಳ್ತಿಲ್ಲ. ಬರೀ ಹೆಸರಷ್ಟೇ ಹಾಕಿದ್ರೆ ಹಿಡಿಸಬಹುದೇನೋ..." ಊರು, ವರ್ಷಗಳನ್ನು ತೆಗೆದು ನೋಡಿದಳು. ಇಂಗ್ಲಿಷಿನಲ್ಲಿ ಹೆಸರುಗಳು ಉದ್ದವಾಗುತ್ತಿದ್ದವು. ಎಂಟಕ್ಕೆ ನಿಂತಿತು.

ಶಿವದೇವಿ ಎಂಟು ಯಾರು ಯಾರು ಎಂದು ಓದಿಸಿಕೊಂಡಳು. ಉಳಿದ ಮೂವರನ್ನು ಮನಸ್ಸಿನಲ್ಲೇ ಎಣಿಸಿದಳು.

"ಅಳಿಸಿಬಿಡವಾ. ಮೂರು ಮಂದೀನ್ನ ಬಿಟ್ಟು ಬರಿಯೂದು ಬ್ಯಾಡ."

ಸಿಂಚನಾ ಅಳಿಸಿದಳು. ಖಾಲಿ ಖಾನೆಯನ್ನು ಖಾಲಿಯೇ ಬಿಟ್ಟು ಕಳಿಸುವ ಗುಂಡಿ ಒತ್ತಿದಳು. ಪಾಳಿಯ ಗಂಟೆ ಆಯಿತು. ಶಿವದೇವಿ ಎದ್ದು, ತಲೆಗೆ ಬಟ್ಟೆಯ ಟೋಪಿ ಹಾಕಿಕೊಂಡು, ಕೂದಲೆಲ್ಲ ಒಳಗೆ ಹೋಯಿತೇ ಎಂದು ಎರಡೂ ಕಡೆ ಮುಟ್ಟಿ ನೋಡಿ, ಯಂತ್ರದ ಕೋಣೆಗೆ ಹೋದಳು. ಅಂದಿನ ಪಾಳಿಯಲ್ಲಿ ದೀಪ ಎರಡು ಸಲ ಉರಿಯಿತು. ಎರಡು ಸಲವೂ ಅವಳು ಹುಡುಗಿಯರನ್ನು ಕರೆದಳು.